ಉಪ್ಪುನೀರಿನ ಅಕ್ವೇರಿಯಂ ಮೀನಿಗೆ ಎಷ್ಟು ಊಟ, ದಿನಕ್ಕೆ ಎಷ್ಟು ಸಲ?

ಸಂಜೆ ಕಚೇರಿಯಿಂದ ಬಂದು ನಾನು ಚಪ್ಪಲಿ ಬಿಡುವಷ್ಟರಲ್ಲಿ ನಮ್ಮ ಮನೆಯ ಎರಡು ಕ್ಲೌನ್ ಮೀನುಗಳು ಗಾಜಿನ ಮುಂದಿನ ಮೂಲೆಗೆ ಬಂದು ಮೈ ಕುಣಿಸತೊಡಗುತ್ತವೆ. ಬೆಳಿಗ್ಗೆ ಹೊಟ್ಟೆ ತುಂಬ ತಿಂದಿರುತ್ತವೆ. ಆದರೂ ಮೂರು ದಿನದಿಂದ ಅನ್ನ ಕಾಣದವರಂತೆ ಮುಖ ಮಾಡುತ್ತವೆ. ಈ ಮುಖಕ್ಕೆ ಮರುಳಾಗಿ ಮೊದಲ ವರ್ಷ ನಾನು ಟ್ಯಾಂಕನ್ನೇ ಹಾಳುಮಾಡಿಕೊಂಡಿದ್ದೆ. ನಾನು ಒಂದು ಚಿಟಿಕೆ, ಮಗ ಶಾಲೆಯಿಂದ ಬಂದು ಒಂದು ಚಿಟಿಕೆ, ‘ಪಾಪ, ನನ್ನನ್ನೇ ನೋಡುತ್ತಿದೆ’ ಎಂದು ಅಮ್ಮ ಒಂದು ಚಿಟಿಕೆ. ನಾಲ್ಕನೆಯ ತಿಂಗಳಿಗೆ ಕಲ್ಲುಗಳ ಮೇಲೆ ಕೂದಲಿನಂತಹ ಹಸಿರು ಪಾಚಿ ಬೆಳೆದು, ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ಕಲ್ಲನ್ನು ಉಜ್ಜುವ ಗತಿ ಬಂತು.

ಮೀನಿಗೆ ‘ಸಾಕು’ ಎನ್ನುವ ಮಾತೇ ಗೊತ್ತಿಲ್ಲ. ಸಮುದ್ರದಲ್ಲಿ ಮುಂದಿನ ತುತ್ತು ಯಾವಾಗ ಸಿಗುತ್ತದೋ ತಿಳಿಯದ ಜೀವ ಅದು. ಸಿಕ್ಕಾಗ ತಿಂದುಬಿಡುವುದೇ ಅದರ ಕಸುಬು. ಹಾಗಾಗಿ ಅದರ ಮುಖ ನೋಡಿ ಊಟ ಹಾಕುವುದನ್ನು ಬಿಟ್ಟು, ಹೊಟ್ಟೆ ನೋಡಿ ಹಾಕುವುದನ್ನು ಕಲಿಯಬೇಕು. ಮುಂದೆ ಬರೆದಿರುವುದೆಲ್ಲ ಅದನ್ನು ಕಲಿಯುವ ಬಗೆಯೇ.

ಮೊದಲು: ಯಾರು ಹೇಗೆ ತಿನ್ನುವವರು?

ಒಂದು ಹಾಳೆ ತೆಗೆದುಕೊಂಡು ನಿಮ್ಮ ಟ್ಯಾಂಕಿನಲ್ಲಿರುವ ಮೀನುಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ, ಅದು ಸಮುದ್ರದಲ್ಲಿ ಹೇಗೆ ತಿನ್ನುತ್ತದೆ ಎಂದು ಬರೆಯಿರಿ. ‘ದಿನಕ್ಕೆ ಎಷ್ಟು ಸಲ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಎಲ್ಲ ಮೀನಿಗೂ ಹೊಂದುವ ಒಂದೇ ವೇಳಾಪಟ್ಟಿ ಇಲ್ಲ.

ದಿನವಿಡೀ ಮೇಯುವ ಮೀನುಗಳು ಮೊದಲ ಗುಂಪು. ಹಳದಿ ಟ್ಯಾಂಗ್, ನೀಲಿ ಟ್ಯಾಂಗ್, ಫಾಕ್ಸ್‌ಫೇಸ್ ಇವೆಲ್ಲ ಈ ಗುಂಪಿನವು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿದವರು ಇಂಥ ಮೇಯುವಿಕೆಯನ್ನು ಕಣ್ಣಾರೆ ನೋಡಿರುತ್ತಾರೆ: ಬಂಡೆಯ ಮೇಲಿನ ಮೀನುಗಳು ಬಾಯಿಗೆ ಬಿಡುವನ್ನೇ ಕೊಡದೆ ಕುಟುಕುತ್ತಿರುತ್ತವೆ. ಪಾಚಿಯಲ್ಲಿ ಸತ್ವ ಕಡಿಮೆ, ಅದಕ್ಕೇ ಅಷ್ಟು ಹೊತ್ತು ಮೇಯಬೇಕು. ಇಂಥ ಮೀನಿಗೆ ದಿನಕ್ಕೊಂದು ಸಲ ಮಾಂಸದ ಊಟ ಹಾಕಿ ಕೈತೊಳೆದುಕೊಂಡರೆ ಅದು ಮೆಲ್ಲಗೆ ಸೊರಗುತ್ತದೆ. ಇದಕ್ಕೆ ಬೆಳಿಗ್ಗೆ ಕ್ಲಿಪ್ಪಿಗೆ ಸಿಕ್ಕಿಸಿದ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆ ಬೇಕು.

ನೀರಿನಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುವವು ಎರಡನೆಯವು. ಹಸಿರು ಕ್ರೋಮಿಸ್ ಮತ್ತು ಆಂಥಿಯಾಸ್ ಹೀಗೆ ತಿನ್ನುತ್ತವೆ. ಇವುಗಳದ್ದು ಕಿರುತುತ್ತು, ಆದರೆ ಹಲವು ಸಲ. ಆಂಥಿಯಾಸ್‌ಗೆ ದಿನಕ್ಕೆ ಮೂರು ನಾಲ್ಕು ಸಲ ಹಾಕಲು ಮನೆಯಲ್ಲಿ ಯಾರೂ ಇರುವುದಿಲ್ಲವೆಂದರೆ ಆ ಮೀನನ್ನು ಕೊಳ್ಳಲೇಬೇಡಿ. ಅಂಗಡಿಯಲ್ಲಿ ಕೆಂಡದಂತೆ ಹೊಳೆಯುವ ಅದು ಆರು ತಿಂಗಳಲ್ಲಿ ನಿಮ್ಮೆದುರೇ ಬಣ್ಣ ಕಳೆದುಕೊಳ್ಳುತ್ತದೆ.

ಕ್ಲೌನ್, ಡ್ಯಾಮ್ಸೆಲ್, ಕಾರ್ಡಿನಲ್‌ಗಳು ಎಲ್ಲವನ್ನೂ ತಿನ್ನುವವು. ಬೆಳೆದ ಮೀನಿಗೆ ದಿನಕ್ಕೆ ಎರಡು ಸಲ ಸಾಕು, ಮರಿಗಳಿಗೆ ಮೂರರಿಂದ ನಾಲ್ಕು ಸಲ ಬೇಕು. ಹೊಸಬರು ಕ್ಲೌನ್‌ನಿಂದಲೇ ಶುರುಮಾಡಲಿ ಎಂದು ಎಲ್ಲರೂ ಹೇಳುವುದಕ್ಕೆ ಅವುಗಳ ಈ ಹೊಟ್ಟೆಬಾಕತನವೇ ಒಂದು ಕಾರಣ.

ಲಯನ್ ಫಿಶ್‌ನಂಥ ಬೇಟೆಗಾರರು ಇದಕ್ಕೆ ತದ್ವಿರುದ್ಧ. ದೊಡ್ಡ ತುತ್ತನ್ನು ಒಮ್ಮೆಗೇ ನುಂಗಿ ದಿನಗಟ್ಟಲೆ ಅರಗಿಸಿಕೊಳ್ಳುವವು ಇವು. ಬೆಳೆದ ಲಯನ್ ಫಿಶ್‌ಗೆ ವಾರಕ್ಕೆ ಎರಡು ಮೂರು ಸಲ ಹಾಕಿದರೆ ಆಯಿತು. ದಿನಾ ಹಾಕಿದರೆ ಅದು ದಿನಾ ತಿನ್ನುತ್ತದೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಸಾಯುತ್ತದೆ. ಅಂಗಡಿಯವರು ಅಗ್ಗಕ್ಕೆ ಕೊಡುವ ಪುಟ್ಟ ಗೋಲ್ಡ್ ಫಿಶ್‌ಗಳನ್ನು ಇದಕ್ಕೆ ಹಾಕುವ ಚಾಳಿಯೂ ಬೇಡ. ಗೋಲ್ಡ್ ಫಿಶ್ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ, ಅದು ಬಿ1 ವಿಟಮಿನ್ನನ್ನು ನಾಶಮಾಡುತ್ತದೆ. ಸಿಹಿನೀರಿನ ಮೀನಿನ ಕೊಬ್ಬೂ ಕಡಲ ಮೀನಿಗೆ ಒಗ್ಗುವಂಥದ್ದಲ್ಲ.

ಮ್ಯಾಂಡರಿನ್‌ನದು ಬೇರೆಯೇ ಕಥೆ. ಪಟ್ಟೆ ಸೀರೆಯ ಅಂಚಿನಂತಹ ಆ ಮೀನಿನ ಮೈಬಣ್ಣಕ್ಕೆ ಸೋತು ನಾನೂ ಒಂದನ್ನು ತಂದಿದ್ದೆ. ಕಲ್ಲಿನ ಸಂದಿಗಳಲ್ಲಿ ಬದುಕುವ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಕೋಪೆಪಾಡ್‌ಗಳನ್ನು ಅದು ದಿನವಿಡೀ ಹೆಕ್ಕಿ ತಿನ್ನುತ್ತದೆ. ನಾನು ಹಾಕಿದ ಪೆಲೆಟ್ (ಒಣ ಊಟದ ಕಾಳು) ಅದರ ಮೂಗಿನ ಮುಂದೆ ಬಿದ್ದರೂ ತಿರುಗಿ ನೋಡಲಿಲ್ಲ. ಎರಡು ತಿಂಗಳಲ್ಲಿ ಟ್ಯಾಂಕಿನ ಕೋಪೆಪಾಡ್ ಮುಗಿಯಿತು, ಮೀನೂ ಮುಗಿಯಿತು. ಲೈವ್ ರಾಕ್ (ಕಿರುಜೀವಿಗಳು ನೆಲೆಸಿದ ಕಡಲ ಕಲ್ಲು) ತುಂಬಿದ, ವರ್ಷವಾದರೂ ಹಳೆಯದಾದ ದೊಡ್ಡ ಟ್ಯಾಂಕ್ ಇಲ್ಲದಿದ್ದರೆ ಇದರ ಆಸೆ ಬಿಡಿ.

ಕಡಲಕುದುರೆಗಂತೂ ಜಠರವೇ ಇಲ್ಲ, ದಿನಕ್ಕೆ ಹಲವು ಸಲ ತಿನ್ನಿಸಬೇಕು. ಆದರೆ ನಮ್ಮಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ನಮ್ಮ ಕಡಲ ಕಡಲಕುದುರೆಗಳಿಗೂ ಬಂಡೆ ಕಟ್ಟುವ ಹವಳಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ ಗುಟ್ಟಾಗಿ ತಂದುಕೊಡುತ್ತೇನೆ ಎಂದರೆ ಬೇಡವೆನ್ನಿ.

ಚಿಟಿಕೆ ಎಂಬುದು ಅಳತೆಯಲ್ಲ

‘ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ಇರುತ್ತದೆ’ ಎಂದು ಈ ಹವ್ಯಾಸದಲ್ಲಿ ಹೇಳುವ ರೂಢಿ ಇದೆ. ಶರೀರಶಾಸ್ತ್ರದ ಪ್ರಕಾರ ಅದು ಕರಾರುವಾಕ್ಕಲ್ಲ, ಕೈ ಬಿಗಿಹಿಡಿಯಲು ಮಾತ್ರ ಒಳ್ಳೆಯ ಸೂತ್ರ. ‘ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ’ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ನಾನು ನಂಬುವುದಿಲ್ಲ. ಎರಡು ನಿಮಿಷದಲ್ಲಿ ನನ್ನ ಟ್ಯಾಂಗ್ ಏನನ್ನು ಬೇಕಾದರೂ ಮುಗಿಸುತ್ತದೆ. ಜೊತೆಗೆ, ಡಬ್ಬಿ ಬೇಗ ಖಾಲಿಯಾದರೆ ಯಾರಿಗೆ ಲಾಭ ಎಂಬುದೂ ನೆನಪಿರಲಿ.

ಒಂದು ದಿನ ಚಿನ್ನ ತೂಗುವ ಬಗೆಯ ಪುಟ್ಟ ಡಿಜಿಟಲ್ ತಕ್ಕಡಿ ತಂದು ಮನೆಯವರ ಚಿಟಿಕೆಗಳನ್ನು ತೂಗಿದೆ. ನನ್ನದು 0.4 ಗ್ರಾಂ, ಮಗನದು 0.9. ಅಮ್ಮನದು, ಉಪ್ಪಿನಕಾಯಿಗೆ ಉಪ್ಪು ಹಾಕಿದ ಕೈ, 1.3 ಗ್ರಾಂ. ಅಂದಿನಿಂದ ನಮ್ಮಲ್ಲಿ ಚಿಟಿಕೆ ರದ್ದಾಗಿ, ಐಸ್ ಕ್ರೀಂ ಕಪ್ಪಿನ ಜೊತೆ ಬರುವ ಪುಟ್ಟ ಚಮಚ ಬಂತು.

ನೀವು ಮಾಡಬೇಕಾದದ್ದು ಇಷ್ಟು. ಬಿಳಿ ತಟ್ಟೆಯ ಮೇಲೆ ಪೆಲೆಟ್ ಸುರಿದು ಎಣಿಸಿ. ಏಳೆಂಟು ಸೆಂಟಿಮೀಟರ್ ಉದ್ದದ, ಬೆಳೆದ ಕ್ಲೌನ್ ಒಂದಕ್ಕೆ ಒಂದು ಮಿಲಿಮೀಟರ್ ಗಾತ್ರದ ಪೆಲೆಟ್ ಆದರೆ ಹೊತ್ತಿಗೆ ಆರರಿಂದ ಹತ್ತು. ಕೇಳಲು ಜಿಪುಣತನ ಅನ್ನಿಸುತ್ತದೆ. ಒಣ ಪೆಲೆಟ್ ನೀರು ಕುಡಿದು ಉಬ್ಬುತ್ತದೆ ಎಂಬುದನ್ನು ಮರೆಯಬೇಡಿ. ನನ್ನದು ಸುಮಾರು 300 ಲೀಟರಿನ ನಾಲ್ಕು ಅಡಿ ಟ್ಯಾಂಕ್. ಎರಡು ಕ್ಲೌನ್, ಮೂರು ಕ್ರೋಮಿಸ್, ಒಂದು ಹಳದಿ ಟ್ಯಾಂಗ್ (ಅದಕ್ಕೆ ಈ ಮನೆ ಚಿಕ್ಕದೇ, ಒಪ್ಪಿಕೊಳ್ಳುತ್ತೇನೆ), ಮರಳು ಜರಡಿ ಹಿಡಿಯುವ ಒಂದು ಗೋಬಿ. ಗೋಬಿ ಎಂದಾಗಲೆಲ್ಲ ಮಗನಿಗೆ ಮಂಚೂರಿ ನೆನಪಾಗುತ್ತದೆ, ಅದು ಬೇರೆ ಮಾತು. ಇವಿಷ್ಟಕ್ಕೆ ನನ್ನ ದಿನಚರಿ ಹೀಗಿದೆ: ಬೆಳಿಗ್ಗೆ ಎಂಟಕ್ಕೆ ಬೆಂಕಿಪೊಟ್ಟಣದ ಅಗಲದ ನೋರಿ ತುಂಡು, ಒಂಬತ್ತಕ್ಕೆ ಎಣಿಸಿಟ್ಟಷ್ಟು ಪೆಲೆಟ್, ಸಂಜೆ ಏಳಕ್ಕೆ ಫ್ರೋಜನ್ ಮೈಸಿಸ್ (ಸಿಗಡಿಯಂತಹ ಕಿರುಜೀವಿ) ಒಂದು ಸಣ್ಣ ಕ್ಯೂಬ್. ನಿಮ್ಮ ಟ್ಯಾಂಕಿಗೆ ಇದನ್ನೇ ನಕಲು ಮಾಡಬೇಡಿ. ಇಲ್ಲಿಂದ ಶುರುಮಾಡಿ, ಹೊಟ್ಟೆ ನೋಡುತ್ತ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಯಾವ ಊಟ ಎನ್ನುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಬಗೆಯದನ್ನು ದಿನಾ ಹಾಕಬೇಡಿ. ಬೆಳೆದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಕಿರುಸಿಗಡಿ) ಮೀನುಗಳಿಗೆ ಮಂಡಕ್ಕಿ ಇದ್ದ ಹಾಗೆ. ಇಷ್ಟಪಟ್ಟು ತಿನ್ನುತ್ತವೆ, ಮೈಗೆ ಹತ್ತುವುದು ಕಡಿಮೆ. ಮೈಸಿಸ್ ಗಟ್ಟಿ ಊಟ. ನೋರಿ ಕೊಳ್ಳುವಾಗ ಸೂಪರ್ ಮಾರ್ಕೆಟ್ಟಿನಲ್ಲಿ ಸುಶಿಗೆಂದು ಮಾರುವ ಸಪ್ಪೆ ಹಾಳೆಯನ್ನೇ ಆರಿಸಿ. ಎಣ್ಣೆ, ಉಪ್ಪು, ಖಾರ ಸವರಿದ ತಿಂಡಿ ನೋರಿ ಬೇಡ. ಕರಾವಳಿಯವರು ಅದೃಷ್ಟವಂತರು: ತಾಜಾ ಸಿಗಡಿ, ಬೊಂಡಾಸ್, ಸ್ವಲ್ಪ ಮರುವಾಯಿ ತಂದು ತೊಳೆದು, ಸಣ್ಣಗೆ ಕೊಚ್ಚಿ, ನೋರಿ ಚೂರು ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ಹರಡಿ ಫ್ರೀಜರಿಗಿಟ್ಟರೆ ತಿಂಗಳ ಊಟ ಸಿದ್ಧ. ಬೇಕೆಂದಾಗ ಚಿಕ್ಕಿ ಮುರಿದ ಹಾಗೆ ಮುರಿದುಕೊಳ್ಳಬಹುದು. ಸಸ್ಯಾಹಾರಿ ಮನೆಗಳಲ್ಲಿ ಇದಕ್ಕೊಂದು ಮುಚ್ಚಳದ ಡಬ್ಬಿ, ಅದರ ಮೇಲೊಂದು ದಪ್ಪಕ್ಷರದ ಚೀಟಿ ಇರಲಿ. ನಮ್ಮ ಮನೆಯಲ್ಲಿ ಒಮ್ಮೆ ಅದು ಕುಲ್ಫಿಯ ಪಕ್ಕ ಪತ್ತೆಯಾಗಿ ದೊಡ್ಡ ರಾದ್ಧಾಂತವಾಗಿತ್ತು.

ಊಟ ಹಾಕುವ ಹತ್ತು ನಿಮಿಷ

ಬೆಳಿಗ್ಗೆ ದೀಪ ಹತ್ತಿ ಅರ್ಧ ಗಂಟೆಯಾದ ಮೇಲೆ ಮೊದಲ ಊಟ. ಮೀನಿಗೂ ನಿದ್ದೆಗಣ್ಣು ಬಿಡಿಸಿಕೊಳ್ಳಲು ಹೊತ್ತು ಬೇಕು.

ಫ್ರೋಜನ್ ಕ್ಯೂಬನ್ನು ನೇರವಾಗಿ ಟ್ಯಾಂಕಿಗೆ ಎಸೆಯಬೇಡಿ. ಒಂದು ಲೋಟದಲ್ಲಿ ಟ್ಯಾಂಕಿನ ನೀರನ್ನೇ ತೆಗೆದುಕೊಂಡು ಅದರಲ್ಲಿ ಹಾಕಿ ಹತ್ತು ನಿಮಿಷ ಬಿಡಿ. ಕರಗಿದ ಮೇಲೆ ಟೀ ಸೋಸುವ ಜಾಲರಿಯಲ್ಲಿ ಸೋಸಿ. ಮೀನು ತಿನ್ನಲಾಗದ ಆ ರಸ ನೀರನ್ನು ಕೊಳಕು ಮಾಡುವುದಕ್ಕಷ್ಟೇ ಬರುತ್ತದೆ. ಸೋಸುವುದರಿಂದ ಹೇಳಿಕೊಳ್ಳುವಷ್ಟು ಪ್ರಯೋಜನವಿಲ್ಲ ಎನ್ನುವವರೂ ಇದ್ದಾರೆ. ಎರಡು ಸೆಕೆಂಡಿನ ಕೆಲಸ, ನಾನು ಮಾಡುತ್ತೇನೆ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡಬಾರದು.

ಈಗ ಸಂಪ್‌ನಿಂದ, ಅಂದರೆ ಟ್ಯಾಂಕಿನ ಕೆಳಗಿನ ಶೋಧಕ ಪೆಟ್ಟಿಗೆಯಿಂದ, ನೀರು ಮೇಲೆತ್ತುವ ಪಂಪನ್ನೂ ನೊರೆಯ ಮೂಲಕ ಕೊಳೆ ತೆಗೆಯುವ ಸ್ಕಿಮ್ಮರನ್ನೂ ಆರಿಸಿ. ಇಲ್ಲದಿದ್ದರೆ ಅರ್ಧ ಊಟ ಮೀನಿನ ಬಾಯಿಗೆ ಸಿಗುವ ಮೊದಲೇ ಕೆಳಗಿನ ಪೆಟ್ಟಿಗೆಗೆ ಇಳಿದಿರುತ್ತದೆ. ಟ್ಯಾಂಕಿನೊಳಗೆ ನೀರು ತಿರುಗಿಸುವ ಪಂಪ್ ಮೆಲ್ಲಗೆ ಓಡುತ್ತಿರಲಿ; ತೇಲಿಬರುವ ಊಟವನ್ನು ಅಟ್ಟಿಸಿಕೊಂಡು ಹಿಡಿಯುವುದು ಕ್ರೋಮಿಸ್‌ಗೆ ಹಬ್ಬ. ಆರಿಸುವಾಗಲೇ ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ ಇಡಿ. ಪಂಪ್ ಹಾಕುವುದನ್ನು ಮರೆತು ಮಲಗಿದ ರಾತ್ರಿಯೊಂದು ನನ್ನ ಲೆಕ್ಕದಲ್ಲೂ ಇದೆ.

ಒಟ್ಟು ಊಟವನ್ನು ಮೂರು ಪಾಲು ಮಾಡಿ. ಮೊದಲ ಪಾಲನ್ನು ಟ್ಯಾಂಕಿನ ಎಡತುದಿಗೆ ಹಾಕಿ. ದಾದಾಗಿರಿ ಮಾಡುವವರೆಲ್ಲ ಅಲ್ಲಿ ಮುಗಿಬೀಳುತ್ತಾರೆ. ಅವರು ಅಲ್ಲಿ ತೊಡಗಿರುವಾಗಲೇ ಎರಡನೆಯ ಪಾಲು ಬಲತುದಿಗೆ. ಸಾಧು ಮೀನುಗಳಿಗೆ ಇದು. ಮೂರನೆಯದನ್ನು ಉದ್ದ ಕೊಳವೆಯ ಡ್ರಾಪರಿನಿಂದ ಮರಳಿನ ಮೇಲೆ, ಗೋಬಿಯ ಬಿಲದ ಬಾಯಿಗೆ ಬಿಡಿ. ತಳದಲ್ಲಿರುವವರು ಮೇಲಿನವರ ಎಂಜಲಿನಲ್ಲಿ ಬದುಕಿಕೊಳ್ಳುತ್ತಾರೆ ಎಂಬ ನಂಬಿಕೆಯಲ್ಲಿ ಎಷ್ಟೋ ಗೋಬಿಗಳು ಹಸಿದು ಸತ್ತಿವೆ.

ಹಾಕುವಾಗ ಕಣ್ಣು ಮೀನಿನ ಮೇಲಿರಲಿ. ಎಲ್ಲರೂ ಒಂದೊಂದು ತುತ್ತಾದರೂ ತಿಂದರೇ? ನಿನ್ನೆ ಮೊದಲು ಬಂದದ್ದು ಇವತ್ತು ಕಲ್ಲಿನ ಹಿಂದೆಯೇ ನಿಂತಿತೇ? ಕಾಯಿಲೆಯ ಮೊದಲ ಸುಳಿವು ಚುಕ್ಕೆಯಲ್ಲೋ ಹರಿದ ರೆಕ್ಕೆಯಲ್ಲೋ ಸಿಗುವುದಕ್ಕಿಂತ ಮುಂಚೆ ಊಟದ ಹೊತ್ತಿಗೇ ಸಿಗುತ್ತದೆ. ಐದು ನಿಮಿಷದ ಮೇಲೆ ತಳದಲ್ಲಿ ಉಳಿದದ್ದನ್ನು ಅದೇ ಡ್ರಾಪರಿನಿಂದ ಹೀರಿ ತೆಗೆಯಿರಿ, ಮರುದಿನ ಅಷ್ಟು ಕಡಿಮೆ ಹಾಕಿ. ನೋರಿಯ ಚೂರು ಸಂಜೆಗೂ ಉಳಿದಿದ್ದರೆ ಕ್ಲಿಪ್ಪಿನಿಂದ ಬಿಡಿಸಿ ಎಸೆಯಿರಿ.

ಹೊಟ್ಟೆ ಓದುವುದು

ವಾರಕ್ಕೊಮ್ಮೆ, ಊಟಕ್ಕೆ ಮೊದಲು, ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿ. ಮೀನನ್ನು ಪಕ್ಕದಿಂದ ನೋಡಿದರೆ ಸಾಲದು, ಅದು ನಿಮ್ಮತ್ತ ಮುಖಮಾಡಿ ಬರುವವರೆಗೆ ಕಾಯಿರಿ. ಚೆನ್ನಾಗಿ ತಿಂದ ಮೀನಿನ ಹೊಟ್ಟೆ ಎದುರಿನಿಂದ ನೋಡಿದಾಗ ಮೆಲ್ಲಗೆ ದುಂಡಗಿರುತ್ತದೆ. ಹೊಟ್ಟೆ ಒಳಸರಿದು ಗೆರೆ ಬಿದ್ದಿದ್ದರೆ ಊಟ ಸಾಲುತ್ತಿಲ್ಲ. ತಲೆಯ ಹಿಂದೆ, ಬೆನ್ನಿನ ಮೇಲ್ಭಾಗದ ಮಾಂಸ ಇಳಿದು ಚೂಪಾಗಿದ್ದರೆ ಅದು ನಿನ್ನೆ ಮೊನ್ನೆಯ ಹಸಿವಲ್ಲ, ವಾರಗಳದ್ದು. ಅಂಥ ಮೀನಿಗೆ ಒಮ್ಮೆಗೇ ಹೆಚ್ಚು ಹಾಕದೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಟ್ಟು ಮೇಲೆತ್ತಬೇಕು.

ಚೆನ್ನಾಗಿ ತಿನ್ನುತ್ತಿದ್ದರೂ ಸೊರಗುತ್ತಿದೆ, ಹಿಂದೆ ಬಿಳಿಯ ದಾರದಂತಹ ಮಲ ನೇತಾಡುತ್ತಿದೆ ಎಂದರೆ ಕರುಳಿನಲ್ಲಿ ಪರೋಪಜೀವಿ ಇರಬಹುದು. ಅದು ಊಟ ಹೆಚ್ಚಿಸಿದರೆ ಹೋಗುವಂಥದ್ದಲ್ಲ, ಬೇರೆ ಟ್ಯಾಂಕಿನಲ್ಲಿಟ್ಟು ಔಷಧ ಕೊಡಬೇಕು.

ಹೊಟ್ಟೆ ಓದುವುದು ಕೈಗೂಡಿದ ಮೇಲೆ ವಾರಕ್ಕೊಂದು ಉಪವಾಸದ ಪ್ರಶ್ನೆ ಬರುತ್ತದೆ. ಕ್ಲೌನ್, ಡ್ಯಾಮ್ಸೆಲ್‌ಗಳ ಟ್ಯಾಂಕಿನಲ್ಲಿ ವಾರಕ್ಕೊಂದು ದಿನ ಊಟ ತಪ್ಪಿಸಿದರೆ ಯಾವ ತೊಂದರೆಯೂ ಇಲ್ಲ. ಮೇಯುವ ಟ್ಯಾಂಗ್‌ಗೂ ಆಂಥಿಯಾಸ್‌ಗೂ ಮರಿಗಳಿಗೂ ಏಕಾದಶಿ ಮಾಡಿಸಬೇಡಿ.

ಉಳಿದದ್ದನ್ನು ನೀರು ತಿನ್ನುತ್ತದೆ

ಹೆಚ್ಚಾದ ಊಟ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದರೆ ಮತ್ತೆ ಕೈ ಸಡಿಲವಾಗುವುದಿಲ್ಲ. ಒಂದು ಗ್ರಾಂ ಪೆಲೆಟ್‌ನಲ್ಲಿ 45% ಪ್ರೋಟೀನ್ ಇದೆ ಎನ್ನೋಣ. ಪ್ರೋಟೀನಿನ ಸುಮಾರು 16% ಸಾರಜನಕ. ಅಂದರೆ 72 ಮಿಲಿಗ್ರಾಂ ಸಾರಜನಕ. ಅದು ಮೊದಲು ಅಮೋನಿಯಾ, ಬ್ಯಾಕ್ಟೀರಿಯಾಗಳ ಕೈಯಲ್ಲಿ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತದೆ. ಎಲ್ಲವೂ ನೈಟ್ರೇಟ್ ಆದರೆ ಸುಮಾರು 320 ಮಿಲಿಗ್ರಾಂ. 300 ಲೀಟರಿನಲ್ಲಿ ಹಂಚಿದರೆ ಲೀಟರಿಗೆ ಒಂದು ಮಿಲಿಗ್ರಾಂಗಿಂತ ತುಸು ಹೆಚ್ಚು. ದಿನಕ್ಕೊಂದು ಗ್ರಾಂ ಹೆಚ್ಚುವರಿ ಎಂದರೆ ತಿಂಗಳಿಗೆ 30 ದಾಟಿತು. ಸ್ಕಿಮ್ಮರ್ ಒಂದಿಷ್ಟು ಎಳೆಯುತ್ತದೆ, ಪಾಚಿ ಒಂದಿಷ್ಟು ಕುಡಿಯುತ್ತದೆ, ನೀರು ಬದಲಿಸಿದಾಗ ಒಂದಿಷ್ಟು ಹೋಗುತ್ತದೆ. ಉಳಿದದ್ದು ಅಲ್ಲಿಯೇ ಇರುತ್ತದೆ. ಅಮ್ಮನ ಒಂದು ಚಿಟಿಕೆಯ ಬೆಲೆ ಇದು.

ಸಿಹಿನೀರಿನ ಟ್ಯಾಂಕಿನಲ್ಲಿ ನಡೆದುಹೋಗುವ ತಪ್ಪು ಇಲ್ಲಿ ನಡೆಯುವುದಿಲ್ಲ. ಕಡಲ ನೀರಿನ ಪಿಎಚ್ 8.2ರ ಆಸುಪಾಸು. ಆ ಮಟ್ಟದಲ್ಲಿ ಅಮೋನಿಯಾದ ವಿಷದ ಪಾಲು ಪಿಎಚ್ 7ರ ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಅದರ ಮೇಲೆ, ಅದೇ ಉಷ್ಣಾಂಶದಲ್ಲಿ ಉಪ್ಪುನೀರು ಹಿಡಿದಿಡುವ ಆಮ್ಲಜನಕ ಸಿಹಿನೀರಿಗಿಂತ ಐದನೇ ಒಂದು ಪಾಲಿನಷ್ಟು ಕಡಿಮೆ. ಕೊಳೆಯುವ ಊಟ ಆ ಅಷ್ಟಿಷ್ಟು ಆಮ್ಲಜನಕಕ್ಕೂ ಪಾಲುದಾರ.

ಆದ್ದರಿಂದ ವಾರಕ್ಕೊಮ್ಮೆ ನೈಟ್ರೇಟ್ ಮತ್ತು ಫಾಸ್ಫೇಟ್ ಪರೀಕ್ಷೆ ಮಾಡಿ, ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ. ಒಂದು ದಿನದ ಸಂಖ್ಯೆಗಿಂತ ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದು ಮುಖ್ಯ. ಏರುತ್ತಿದ್ದು ಮೀನುಗಳ ಹೊಟ್ಟೆ ದುಂಡಗಿದ್ದರೆ ಪ್ರತಿ ಊಟದಲ್ಲೂ ಐದನೇ ಒಂದು ಪಾಲು ಕಡಿಮೆ ಮಾಡಿ. ಎಷ್ಟು ಸಲ ಎಂಬುದನ್ನು ಬದಲಿಸಬೇಡಿ, ಎಷ್ಟು ಎಂಬುದನ್ನು ಬದಲಿಸಿ. ಏರುತ್ತಿದೆ, ಆದರೆ ಮೀನು ಸಣಕಲಾಗಿದೆ ಎಂದರೆ ಊಟ ಮೀನಿಗೆ ತಲುಪುತ್ತಿಲ್ಲ. ಪಂಪನ್ನೂ ಹಾಕುವ ಜಾಗವನ್ನೂ ನೋಡಿ.

ಕರೆಂಟು ಹೋದಾಗ, ಹೊಸಬರು ಬಂದಾಗ, ಊರಿಗೆ ಹೋಗುವಾಗ

ಕರೆಂಟು ಹೋಗಿದ್ದರೆ ಊಟ ಹಾಕಲೇಬೇಡಿ. ಉಂಡ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ಪಂಪ್ ನಿಂತ ನೀರಿನಲ್ಲಿ ಅದು ಇಳಿಯುತ್ತಿರುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ, ನಾಳೆ ಹತ್ತರಿಂದ ಐದರವರೆಗೆ ವಿದ್ಯುತ್ ಇಲ್ಲವೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದರೆ ಬೆಳಗಿನ ಊಟವನ್ನು ಕೈಬಿಟ್ಟು ಸಂಜೆಯದನ್ನು ಮಾತ್ರ ಹಾಕುತ್ತೇನೆ.

ಹೊಸ ಮೀನು ತರುವ ಮುನ್ನ ಅಂಗಡಿಯವರಿಗೆ ‘ನನ್ನೆದುರು ತಿನ್ನಿಸಿ ತೋರಿಸಿ’ ಎಂದು ಕೇಳಿ. ಸಂಕೋಚ ಬೇಡ. ಹವಳದ ಮೊಗ್ಗುಗಳನ್ನಷ್ಟೇ ತಿನ್ನುವ ಕೆಲವು ಚಿಟ್ಟೆಮೀನುಗಳು ನಿಮ್ಮ ಯಾವ ಪೆಲೆಟ್ಟಿಗೂ ಬಾಯಿ ತೆರೆಯುವುದಿಲ್ಲ. ಮನೆಗೆ ತಂದ ದಿನ ದೀಪ ಮಂದವಾಗಿರಲಿ, ಊಟ ಬೇಡ. ಮರುದಿನ ಒಂದೆರಡು ಚೂರು. ಎರಡು ಮೂರು ದಿನ ತಿನ್ನದಿದ್ದರೆ ಗಾಬರಿ ಬೇಡ. ಆಮೇಲೂ ತಿನ್ನದಿದ್ದರೆ ಜೀವಂತ ಬ್ರೈನ್ ಶ್ರಿಂಪ್ ಬಿಟ್ಟು ನೋಡಿ. ಓಡಾಡುವ ತುತ್ತನ್ನು ಕಂಡು ಹಟ ಬಿಡುವ ಮೀನುಗಳು ಹಲವು.

ಇನ್ನು ಊರಿಗೆ ಹೋಗುವುದು. ಆರೋಗ್ಯವಾಗಿರುವ, ಬೆಳೆದ ಕ್ಲೌನ್‌ನಂತಹ ಮೀನು ಮೂರು ನಾಲ್ಕು ದಿನ ಊಟವಿಲ್ಲದೆ ಆರಾಮಾಗಿರುತ್ತದೆ. ಎರಡು ದಿನಕ್ಕೆ ಮೈಸೂರಿಗೆ ಹೋಗಿಬರಲು ಯಾರನ್ನೂ ಕಾಡಬೇಕಿಲ್ಲ; ಟ್ಯಾಂಗ್ ಇದ್ದರೆ ಹೊರಡುವಾಗ ನೋರಿಯ ತುಂಡೊಂದನ್ನು ಸಿಕ್ಕಿಸಿಹೋದರೆ ಸಾಕು. ವಾರಗಟ್ಟಲೆ ಕರಗುತ್ತದೆಂದು ಮಾರುವ ಬಿಳಿ ಬಿಲ್ಲೆಗಳನ್ನು ತರಬೇಡಿ, ಅವು ಮೀನಿಗಿಂತ ಹೆಚ್ಚಾಗಿ ನೀರಿಗೆ ಉಣಿಸುತ್ತವೆ. ತಾನಾಗಿ ಊಟ ಹಾಕುವ ಯಂತ್ರ ಒಳ್ಳೆಯದು, ಆದರೆ ಟ್ಯಾಂಕಿನ ಆವಿಗೆ ಪೆಲೆಟ್ ಮುದ್ದೆಗಟ್ಟಿ ಬಾಯಿ ಕಟ್ಟಿಕೊಳ್ಳುತ್ತದೆ. ಹೊರಡುವ ವಾರಕ್ಕೆ ಮೊದಲೇ ಹಚ್ಚಿ, ನಾಲ್ಕು ದಿನ ಕಣ್ಣೆದುರು ಓಡಿಸಿ ನೋಡಿ.

ಪಕ್ಕದ ಮನೆಯವರಿಗೆ ಒಪ್ಪಿಸುವುದಾದರೆ, ಗ್ರಂಥಿಗೆ ಅಂಗಡಿಯವರು ಮಡಚುವಂತೆ ದಿನಕ್ಕೊಂದು ಕಾಗದದ ಪೊಟ್ಟಣ ಮಡಚಿ, ಒಂದೊಂದರ ಮೇಲೂ ಸೋಮವಾರ, ಮಂಗಳವಾರ ಎಂದು ಬರೆದು ಕೊಡಿ. ‘ಮೀನು ಎಷ್ಟೇ ಬೇಡಿದರೂ ಇಷ್ಟೇ’ ಎಂದು ಹೇಳಿ. ಅವರು ತಲೆಯಾಡಿಸುತ್ತಾರೆ. ಆದರೂ ಉಳಿದ ಊಟದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜೊತೆಯಲ್ಲೇ ಒಯ್ಯಿರಿ.